ಜಾರುಬಂಡೆ ಉಲ್ಟಾ ಹತ್ತುವ ಮಗಳು, ಸುತ್ತ ನಿಂತು ‘ಬೀಳ್ತೀಯ’ ಅನ್ನುವ ನಾವು

ಬೋಗಾದಿ ಅಮ್ಮ
ಭಾನುವಾರ ರಾತ್ರಿ 9:12

ಎರಡೂವರೆ ವರ್ಷದ ಮಗಳಿದ್ದಾಳೆ. ಇವತ್ತು ಸಂಜೆ ಪಾರ್ಕಲ್ಲಿ ಆಗಿದ್ದು ಹೇಳ್ತೀನಿ, ಆಮೇಲೆ ಬೈಯೋರು ಬೈಯಿರಿ.

ಅವಳಿಗೆ ಜಾರುಬಂಡೆಯಲ್ಲಿ ಜಾರೋದು ಬೇಕಿಲ್ಲ. ಜಾರೋ ಕಡೆಯಿಂದಲೇ ಮೇಲಕ್ಕೆ ಹತ್ತಬೇಕು. ಚಪ್ಪಲಿ ಬಿಚ್ಚಿ, ಅಂಗಾಲು ಊರಿ, ಎರಡೂ ಅಂಚು ಹಿಡ್ಕೊಂಡು ಹೋಗ್ತಾಳೆ. ಅರ್ಧಕ್ಕೆ ಕೈ ಸೋತರೆ ಹೊಟ್ಟೆ ಮೇಲೆ ಸರ್ರನೆ ವಾಪಸ್ಸು. ಎದ್ದು ಮೂಗು ಒರೆಸ್ಕೊಂಡು ಮತ್ತೆ ಶುರು. ಮೂರು ವಾರದಿಂದ ಇದೇ ಕೆಲಸ. ಬೇರೆ ಮಕ್ಕಳು ಜಾರೋಕೆ ಬಂದರೆ ಮಾತ್ರ ಪಕ್ಕಕ್ಕೆ ಕರೀತೀನಿ, ಇಲ್ಲಾಂದ್ರೆ ಎರಡು ಹೆಜ್ಜೆ ದೂರದಲ್ಲಿ ಸುಮ್ನೆ ನಿಂತಿರ್ತೀನಿ. ಇವತ್ತು ಮೊದಲನೇ ಸಲ ತುದಿ ಮುಟ್ಟೋದರಲ್ಲಿದ್ದಳು. ಅಷ್ಟರಲ್ಲಿ ವಾಕಿಂಗ್ ಬಂದಿದ್ದ ಒಬ್ಬರು ಅಜ್ಜಿ “ಅಯ್ಯಯ್ಯೋ ಬಿದ್ದೋಗತ್ತೆ, ಇದರ ತಾಯಿ ಎಲ್ಲಿ ಹಾಳಾಗಿ ಹೋದಳು” ಅಂತ ಓಡಿಬಂದು ಒಂದೇ ಕೈ ಹಿಡಿದು ಎಳೆದು ಇಳಿಸಿಬಿಟ್ಟರು. ಮಗು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಆ ಕೈ ಎತ್ತಲೇ ಇಲ್ಲ, ಜೋತುಬಿದ್ದ ಹಾಗೆ ಇತ್ತು.

ಆಸ್ಪತ್ರೆಗೆ ಓಡಿದ್ವಿ. ಡಾಕ್ಟರು ನೋಡಿ, ಮುಂಗೈ ಒಂದು ಸಲ ತಿರುಗಿಸಿ ಮೊಣಕೈ ಮಡಿಸಿದರು. ಟಕ್ ಅಂತು. ಹತ್ತು ನಿಮಿಷಕ್ಕೆ ಅದೇ ಕೈಯಲ್ಲಿ ಬಿಸ್ಕತ್ತು ಹಿಡ್ಕೊಂಡು ಕೂತಿದ್ದಳು. ಮನೆಗೆ ಬಂದರೆ ನಮ್ಮತ್ತೆ ಹೇಳಿದ್ದು ಒಂದೇ ಮಾತು: “ಹತ್ತೋಕೆ ಬಿಟ್ಟಿದ್ದಕ್ಕೇ ಅಲ್ವಾ ಇಷ್ಟೆಲ್ಲಾ ಆಗಿದ್ದು.” ಇವರು ಟಿವಿ ನೋಡ್ತಾ ಕೂತಿದ್ದರು.

ಬೀಳದೇ ಇದ್ದ ಮಗುವಿಗೆ ಕಾಪಾಡೋಕೆ ಹೋಗಿ ಪೆಟ್ಟಾಯ್ತು. ಆದರೂ ತಪ್ಪು ನನ್ನದು. ನಿಜವಾಗಲೂ ನನ್ನದಾ?


ಕೈಕಾಲು ಫಿಸಿಯೋ
ಭಾನುವಾರ ರಾತ್ರಿ 9:50

ಮೈಸೂರಲ್ಲೇ ಮಕ್ಕಳ ಫಿಸಿಯೋಥೆರಪಿ ಮಾಡ್ತೀನಿ. ಮೊದಲು ಆ ಕೈ ವಿಷಯ. ಅದು ಮೂಳೆ ಮುರಿತ ಅಲ್ಲ. ಮೊಣಕೈ ಹತ್ತಿರ, ಹೆಬ್ಬೆರಳ ಕಡೆ ಬರೋ ಮೂಳೆಯ ತಲೆಯನ್ನ ಉಂಗುರದ ಥರ ಒಂದು ಪಟ್ಟಿ ಹಿಡಿದಿರತ್ತೆ. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಆ ಪಟ್ಟಿ ಇನ್ನೂ ಸಡಿಲ. ನೇರವಾಗಿ ಚಾಚಿರೋ ಕೈಯನ್ನ ಜಗ್ಗಿದರೆ ಪಟ್ಟಿ ಜಾರಿ ಮೂಳೆ ಸಂದಿಗೆ ಸಿಕ್ಕೊಳ್ಳತ್ತೆ. ನನ್ನ ಹತ್ತಿರ ಬರೋ ಇಂಥ ಕೇಸುಗಳಲ್ಲಿ ಮರದಿಂದ ಬಿದ್ದ ಮಗುವನ್ನ ನಾನು ನೋಡೇ ಇಲ್ಲ. ಎಲ್ಲಾ ಬಸ್ ಹತ್ತಿಸುವಾಗ, ರಸ್ತೆ ದಾಟಿಸುವಾಗ, ಅಪ್ಪ-ಅಮ್ಮ ಒಂದೊಂದು ಕೈ ಹಿಡಿದು ಮಧ್ಯದಲ್ಲಿ ತೂಗಾಡಿಸುವಾಗ ಆಗಿದ್ದು. ಒಂದು ಸಲ ಆದ ಮಗುವಿಗೆ ಮತ್ತೆ ಆಗಬಹುದು. ಎತ್ತಬೇಕಾದರೆ ಕಂಕುಳಿಗೆ ಕೈ ಹಾಕಿ. ಮತ್ತೆ ಆದರೆ ಮನೆಯಲ್ಲೇ ತಿರುಗಿಸೋದು, ಎಣ್ಣೆ ಹಚ್ಚಿ ನೀವಿಸೋದು ಬೇಡ. ನಿಜವಾದ ಮುರಿತವೂ ಹಾಗೇ ಕಾಣಬಹುದು.

ಇನ್ನು ಉಲ್ಟಾ ಹತ್ತೋದು. ಅಂಗಾಲು, ಹಿಡಿತ, ಭುಜ ಮೂರೂ ಒಟ್ಟಿಗೆ ದುಡಿಯೋ ಕೆಲಸ ಅದು. ನಾನು ಕ್ಲಿನಿಕ್ಕಿನಲ್ಲಿ ದುಡ್ಡು ತಗೊಂಡು ಮಾಡಿಸೋದೂ ಅದನ್ನೇ. ನಿಮ್ಮ ಮಗಳು ಅರ್ಧಕ್ಕೆ ಸೋತು ಹೊಟ್ಟೆ ಮೇಲೆ ಜಾರಿ ಬರ್ತಾಳೆ ಅಂದ್ರಲ್ಲ, ಅವಳಿಗೆ ಇಳಿಯೋ ದಾರಿ ಗೊತ್ತಿದೆ. ತಾನಾಗಿ ಹತ್ತಿದ ಮಗುವಿಗೆ ಅದು ಗೊತ್ತಿರತ್ತೆ. ನಾವು ಎತ್ತಿ ಮೇಲೆ ಕೂರಿಸಿದ ಮಗುವಿಗೆ ಗೊತ್ತಿರಲ್ಲ. ನನಗೆ ಭಯ ಆಗೋದು ಎರಡನೆಯದನ್ನ ನೋಡಿದಾಗ.


ಮದ್ದೂರು ತಾತ
ಭಾನುವಾರ ರಾತ್ರಿ 10:20

ನಿಮ್ಮತ್ತೆ ಮಾತ್ಗೆ ಬ್ಯಾಸ್ರ ಮಾಡ್ಕಬ್ಯಾಡ ಕನವ್ವ. ಮೊಮ್ಮಗಳ ಮ್ಯಾಲಿನ್ ಆಸೆ ಅದು, ಬಾಯಲ್ಲಿ ಹಂಗೆ ಬತ್ತದೆ.

ನಮ್ ಕಾಲ್ದಲ್ಲಿ ಹೈಕ್ಳ ಹಿಂದೆ ಯಾರವ್ವ ನಿಂತ್ಕತಿದ್ರು? ಅವ್ವ ನಾಟಿಗೆ ಹೋದ್ರೆ ದೊಡ್ ಹೈದ ಚಿಕ್ಕದ್ನ ಸೊಂಟುದ್ ಮ್ಯಾಲೆ ಹಾಕ್ಕಂಡು ಊರೆಲ್ಲಾ ಸುತ್ತೋನು. ಮರಕೋತಿ ಆಟ ಆಡ್ದೆ ಇರೋನು ಗಂಡೇ ಅಲ್ಲ ಅನ್ನೋರು. ಕಾಲ್ ಕೆಳಗಿಂದ ಕೋಲ್ ಎಸದ್ರೆ ಕಳ್ಳ ಅದ್ನ ತರಾಗಂಟ ಎಲ್ರೂ ಮರದ್ ಮ್ಯಾಲೆ. ಆದ್ರೆ ಒಂದ್ ಮಾತು. ಹತ್ತಬ್ಯಾಡ ಅಂತ ಯಾರೂ ಹೇಳ್ತಿರ್ನಿಲ್ಲ, ಯಾವ್ ಮರ ಅಂತ ಹೇಳೋರು. ನುಗ್ಗೆ ಮರುಕ್ಕೆ ಕಾಲಿಕ್ಕಬ್ಯಾಡ, ಅದು ಮೂಲಂಗಿ ಮುರ್ದಂಗೆ ಮುರೀತದೆ. ನೇರ್ಳೆ ಕೊಂಬೆ ದಪ್ಪ ಅದೆ ಅಂತ ನಂಬಬ್ಯಾಡ, ಅದೂ ಕೈ ಕೊಡ್ತದೆ. ಸೀಬೆ ಮರ ಬಳುಕ್ತದೆ, ಬ್ಯಾಗ ಮುರಿಯಲ್ಲ. ಹುಣ್ಸೆ ಆದ್ರೆ ಕಣ್ ಮುಚ್ಕಂಡ್ ಹತ್ತು. ಆರ್ ವರ್ಸುದ್ ಹೈದಂಗೆ ಇದೆಲ್ಲಾ ಗೊತ್ತಿರೋದು. ಈಗ ನನ್ ಮೊಮ್ಮಗಂಗೆ ಹತ್ತು ವರ್ಸ. ಮೈಸೂರಲ್ಲವ್ನೆ. ಯಾವ್ ಮರ ಯಾವ್ದು ಅಂತ್ಲೇ ಗೊತ್ತಿಲ್ಲ, ಹತ್ತೋದಿನ್ನೆಲ್ಲಿ ಬುಡಿ.


ಹೆಬ್ಬಾಳದ ಕೋಡರ್
ಭಾನುವಾರ ರಾತ್ರಿ 11:05

ತಾತ ಹೇಳಿದ್ದನ್ನೇ ನಾರ್ವೆಯ ಒಬ್ಬರು ಸಂಶೋಧಕಿ ಶಾಸ್ತ್ರ ಮಾಡಿದ್ದಾರೆ. ಎಲ್ಲೆನ್ ಸ್ಯಾಂಡ್‌ಸೆಟರ್ ಅಂತ. ಶಿಶುವಿಹಾರದ ಮಕ್ಕಳನ್ನ ಗಮನಿಸಿ, 2007ರಲ್ಲಿ ಅವರ ಎದೆ ಢವಢವ ಅನ್ನಿಸೋ ಆಟಗಳನ್ನ ಆರು ಬಗೆ ಮಾಡಿದರು: ಎತ್ತರ, ವೇಗ, ಹರಿತವಾದ ಸಲಕರಣೆ, ಬೆಂಕಿ-ನೀರಿನಂಥ ಕಡೆ ಆಡೋದು, ಕೆಡವಿ ಗುದ್ದಾಡೋದು, ದೊಡ್ಡವರ ಕಣ್ಣಿಂದ ಮರೆಯಾಗೋದು. ಓದಿದಾಗ ನಗು ಬಂತು. ಮರಕೋತಿ, ಇಳಿಜಾರಲ್ಲಿ ಹಳೇ ಟೈರು ಓಡಿಸೋದು, ಅಜ್ಜಿಯ ಈಳಿಗೆಮಣೆ ಹತ್ತಿರ ಕೂತು ಬೀನ್ಸ್ ಹೆಚ್ಚೋದು, ಸಂಕ್ರಾಂತಿ ಕಿಚ್ಚು, ಜಗಲಿ ಮೇಲಿನ ಕುಸ್ತಿ, ಕಣ್ಣಾಮುಚ್ಚಾಲೆ. ಆರಕ್ಕೆ ಆರೂ ನಮ್ಮ ಊರಲ್ಲೇ ಇತ್ತು. ಆಮೇಲೆ ಅವರು ಇನ್ನೆರಡು ಸೇರಿಸಿದರು. ಬೇಕಂತಲೇ ಹೋಗಿ ಡಿಕ್ಕಿ ಹೊಡೆಯೋದು ಒಂದು, ದೊಡ್ಡ ಮಕ್ಕಳ ಸಾಹಸವನ್ನ ಬಾಯಿ ಬಿಟ್ಕೊಂಡು ನೋಡೋದು ಇನ್ನೊಂದು. ಹೋದ ವಾರ ಕಿಚ್ಚು ಹಾಯಿಸುವಾಗ ನನ್ನ ಮಗ ನನ್ನ ಹೆಗಲ ಮೇಲೆ ಕೂತು ಮಾಡಿದ್ದು ಅದನ್ನೇ.

ಇನ್ನೊಂದು ಇದೆ. 1943, ಡೆನ್ಮಾರ್ಕ್. ಜರ್ಮನರು ಆಕ್ರಮಿಸಿದ್ದ ಕಾಲ. ಕೋಪನ್‌ಹೇಗನ್ ಹತ್ತಿರದ ಎಮ್‌ಡ್ರಪ್‌ನಲ್ಲಿ ಸೋರೆನ್ಸನ್ ಅನ್ನೋ ಉದ್ಯಾನ ವಿನ್ಯಾಸಕಾರರು ಹಲಗೆ, ಇಟ್ಟಿಗೆ, ಮುರುಕು ಸಾಮಾನು ತುಂಬಿದ ಗುಜರಿ ಆಟದ ಮೈದಾನ ಶುರು ಮಾಡಿಸಿದರು. ತಾವು ಚಂದ ಮಾಡಿ ಕಟ್ಟಿದ ಮೈದಾನ ಬಿಟ್ಟು ಮಕ್ಕಳು ಬೇರೆಲ್ಲಾ ಕಡೆ ಆಡ್ತಾರೆ ಅಂತ ಅವರಿಗೆ ಕಂಡಿತ್ತು. ನಮ್ಮ ಬಡಾವಣೆಯಲ್ಲೂ ಅಷ್ಟೇ. ಪಾರ್ಕು ಖಾಲಿ, ಕಟ್ಟುತ್ತಿರೋ ಮನೆ ಮುಂದಿನ ಮರಳು ರಾಶಿ ಮೇಲೆ ಹತ್ತು ಮಕ್ಕಳು.


ಸರಸ್ವತಿಪುರಂ ಅಕ್ಕ
ಭಾನುವಾರ ರಾತ್ರಿ 11:20

ಕೋಡರ್ ಅವರೇ, ಆ ಮರಳು ರಾಶಿ ಪಕ್ಕದಲ್ಲಿ ಮುಚ್ಚಳ ಇಲ್ಲದ ಸಂಪ್ ಇರತ್ತೆ, ಸೆಂಟ್ರಿಂಗ್ ಹಲಗೆಯ ಮೊಳೆ ಮೇಲಕ್ಕೆ ನೋಡ್ತಿರತ್ತೆ. ಅದೂ ಡೆನ್ಮಾರ್ಕಲ್ಲಿ ಇತ್ತಾ?


ನಾಲೆ ಪಕ್ಕದ ಮನೆ
ಸೋಮವಾರ ಬೆಳಿಗ್ಗೆ 6:35

ಮಂಡ್ಯ ಹತ್ತಿರದ ಹಳ್ಳಿ ನಮ್ಮದು. ರಾತ್ರಿ ಇದನ್ನೆಲ್ಲಾ ಓದಿ ನಿದ್ದೆ ಬರಲಿಲ್ಲ. ಯಾರಿಗೂ ಬೇಜಾರು ಮಾಡೋಕಲ್ಲ, ಆದರೂ ಬರೀತಿದ್ದೀನಿ.

ನಮ್ಮಕ್ಕನ ಮಗ ನಾಲೆಯಲ್ಲಿ ಹೋದ. ಆರು ವರ್ಷ. ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡ್ತಾರೆ, ಗೊತ್ತಿರೋರಿಗೆ ಗೊತ್ತು. ಕೆಲವು ದಿನ ತುಂಬಿ ಹರಿಯತ್ತೆ, ಕೆಲವು ದಿನ ನಿಲ್ಲಿಸ್ತಾರೆ. ನೀರಿಲ್ಲದಾಗ ಹುಡುಗರೆಲ್ಲಾ ಒಳಗಿಳಿದು ಏಡಿ ಹುಡುಕ್ತಿದ್ದರು. ನೀರು ಬಿಟ್ಟ ದಿನ ಅವನು ಅದೇ ಜಾಗಕ್ಕೆ ಹೋಗಿದ್ದಾನೆ. ಇಳಿದು ಹತ್ತಿ ಅಭ್ಯಾಸ ಇದ್ದ ಜಾಗ. ಸಿಮೆಂಟಿನ ಇಳಿಜಾರು, ಪಾಚಿ. ಒಂದು ಸಲ ಜಾರಿದರೆ ದೊಡ್ಡವರಿಗೇ ಹಿಡಿಯೋಕೆ ಏನೂ ಸಿಗಲ್ಲ.

ಧೈರ್ಯ, ಸಾಹಸ ಅಂತ ನೀವೆಲ್ಲಾ ಬರೀತೀರಿ. ಅವನು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಧೈರ್ಯವಂತ. ಈಗ ನನ್ನ ಮಗ ನಾಲ್ಕು ವರ್ಷದವನು. ಗೇಟು ದಾಟೋಕೆ ಬಿಡಲ್ಲ. ಬಿಡೋದೂ ಇಲ್ಲ.


ಬೋಗಾದಿ ಅಮ್ಮ
ಸೋಮವಾರ ಬೆಳಿಗ್ಗೆ 7:10

ಅಕ್ಕ, ಏನು ಬರೀಬೇಕೋ ಗೊತ್ತಾಗ್ತಿಲ್ಲ. ಬರೆದಿದ್ದಕ್ಕೆ ಬೇಜಾರಿಲ್ಲ, ದಯವಿಟ್ಟು ಇಲ್ಲೇ ಇರಿ.


ಮದ್ದೂರು ತಾತ
ಸೋಮವಾರ ಬೆಳಿಗ್ಗೆ 8:00

ಅವ್ವಾ, ನಿನ್ ಮಾತು ಓದ್ಬುಟ್ಟು ಕಾಫಿ ಕುಡಿಯಕ್ ಆಗ್ನಿಲ್ಲ. ರಾತ್ರಿ ನಾನ್ ಬರ್ದಿದ್ದು ಅರ್ದ. ಮಿಕ್ಕಿದ್ದು ಹೇಳ್ತೀನಿ.

ನಮ್ಮಪ್ಪ ಮರ ಹತ್ತಕ್ ಬುಡ್ತಿದ್ದ. ಹುಲ್ಲಿನ ಮೆದೆ ಮ್ಯಾಲಿಂದ ಜಾರಕ್ ಬುಡ್ತಿದ್ದ. ಆಲೆಮನೇಲಿ ಕಬ್ಬಿನ್ ಸಿಪ್ಪೆ ರಾಸಿ ಮ್ಯಾಲೆ ಉಳ್ಳಾಡಿದ್ರೂ ಕೇಳ್ತಿರ್ನಿಲ್ಲ. ಆದ್ರೆ ಅದೇ ಆಲೆಮನೆ ಒಳಗೆ ಕುದಿಯೋ ಕೊಪ್ಪರಿಗೆ ತಾವ್ಕೆ ಒಂದ್ ಹೆಜ್ಜೆ ಇಟ್ರೆ ಬಾರ್ಕೋಲು ತಗೀತಿದ್ದ. ನಾಲೆ ಏರಿ ಮ್ಯಾಲೂ ಅಷ್ಟೆಯ. ಅಲ್ಲಿ ಸಲಿಗೆ ಇಲ್ಲ. ಯಾಕೆ? ಮರದ್ ಮ್ಯಾಲೆ ಹೈದ ಕೊಂಬೆ ಹಿಡ್ದು ಅಳ್ಳಾಡ್ಸಿ ನೋಡ್ತನೆ, ಬತ್ತದೆ ಅನ್ಸುದ್ರೆ ಕಾಲಿಕ್ತನೆ, ಇಲ್ದಿದ್ರೆ ಇಳೀತನೆ. ನಾಲೆ ನೀರ್ನ ಯಾವ್ ಹೈದ ಅಳ್ಳಾಡ್ಸಿ ನೋಡನು? ಮೊನ್ನೆ ಮೊಣಕಾಲ್ಗಂಟ ಇತ್ತು, ಇವತ್ತು ಆಳುದ್ದ ಅದೆ, ಮ್ಯಾಲಿಂದ ಎರಡೂ ಒಂದೇ ತರ ಕಾಣ್ತದೆ. ಅದು ಆಟ ಅಲ್ಲ ಕನವ್ವ, ಗಂಡಾಂತರ. ಮಗ ತಪ್ ಮಾಡ್ನಿಲ್ಲ. ಅವನ್ಗೆ ಕಾಣಂಗಿರ್ನಿಲ್ಲ ಅದು.


ಕೈಕಾಲು ಫಿಸಿಯೋ
ಸೋಮವಾರ ಮಧ್ಯಾಹ್ನ 1:30

ತಾತ ಹೇಳಿದ ‘ಗಂಡಾಂತರ’ ಅನ್ನೋ ಮಾತನ್ನ ನಾನು ಇನ್ಮೇಲೆ ಕ್ಲಿನಿಕ್ಕಲ್ಲಿ ಬಳಸ್ತೀನಿ. ಕೆನಡಾದ ಮಕ್ಕಳ ವೈದ್ಯರ ಸಂಘ 2024ರ ಜನವರಿಯಲ್ಲಿ ರಿಸ್ಕು ಇರೋ ಆಟ ಬೇಕು ಅಂತ ಅಧಿಕೃತವಾಗಿ ಹೇಳಿಕೆ ಕೊಟ್ಟಾಗಲೂ ಇದೇ ಗೆರೆ ಎಳೆದಿತ್ತು. ಮಗು ತಾನೇ ಕಂಡು, ಅಳೆದು, ಮುಂದುವರಿಯೋದಾ ಬೇಡವಾ ಅಂತ ತೀರ್ಮಾನ ಮಾಡಬಹುದಾದ್ದು ರಿಸ್ಕು. ಮಗುವಿನ ಅಳತೆಗೆ ಸಿಗದ್ದು ಗಂಡಾಂತರ. ಕಾಣದ ಆಳ, ತುಕ್ಕು ಹಿಡಿದ ವೆಲ್ಡಿಂಗ್, ಕರೆಂಟು, ಗಾಡಿ ಓಡಾಡೋ ರಸ್ತೆ, ಮುಚ್ಚಳ ಇಲ್ಲದ ಸಂಪ್ ಎಲ್ಲಾ ಇದರಲ್ಲೇ ಬರತ್ತೆ. ಇವನ್ನ ತೆಗೆಯೋದು ನೂರಕ್ಕೆ ನೂರು ನಮ್ಮ ಕೆಲಸ, ಮಗು ಕಲಿಯಲಿ ಅಂತ ಬಿಡೋದಲ್ಲ. ಅಂಬೆಗಾಲಿಡೋ ಮಗುವಿಗೆ ಬಚ್ಚಲಮನೆಯ ಒಂದು ಬಕೆಟ್ ನೀರೂ ಗಂಡಾಂತರವೇ.

ನಾಲೆ ಪಕ್ಕದ ಮನೆಯವರೇ, ನಿಮ್ಮ ಗೇಟು ಹಾಕಿರೋದು ಸರಿ. ಯಾರೇ ಏನೇ ಅಂದರೂ ಹಾಕೇ ಇರಲಿ. ಒಂದೇ ಪ್ರಶ್ನೆ, ಉತ್ತರ ಕೊಡಲೇಬೇಕು ಅಂತಿಲ್ಲ. ಗೇಟಿನ ಒಳಗೆ ಅವನಿಗೆ ಹತ್ತೋಕೆ ಏನಿದೆ?


ಲೇಔಟ್ ಕಾರ್ಯದರ್ಶಿ
ಸೋಮವಾರ ಸಂಜೆ 6:15

ನಾನು ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದಲ್ಲಿ ಮೂರು ವರ್ಷದಿಂದ ಇದ್ದೀನಿ. ನಿಮ್ಮ ಚರ್ಚೆ ಚೆನ್ನಾಗಿದೆ, ನನ್ನ ಕಷ್ಟವೂ ಕೇಳಿ. ನಮ್ಮ ಪಾರ್ಕಿನಲ್ಲಿ ಕಬ್ಬಿಣದ ಏಣಿಮನೆ ಇತ್ತು, ಹತ್ತಿ ತೂಗಾಡೋದು. ಒಂದು ಮಗು ಬಿದ್ದು ಕೈ ಮುರೀತು. ಅವರಪ್ಪ ಬಂದು ನನ್ನ ಕೊರಳಪಟ್ಟಿ ಹಿಡಿಯೋದೊಂದು ಬಾಕಿ. ಮುಂದಿನ ಸಭೆಯಲ್ಲಿ ಒಮ್ಮತದಿಂದ ಅದನ್ನ ಕಿತ್ತು, ಗುಜರಿಗೆ ಹಾಕಿ, ಪ್ಲಾಸ್ಟಿಕ್ಕಿನ ಚಿಕ್ಕ ಜಾರುಬಂಡೆ ತಂದ್ವಿ. ಕೆಸರಾಗತ್ತೆ ಅಂತ ಕೆಳಗೆ ಇಂಟರ್‌ಲಾಕ್ ಟೈಲ್ಸ್ ಹಾಕಿಸಿದ್ವಿ. ಈಗ ಕಂಪ್ಲೇಂಟ್ ಇಲ್ಲ. ಮಕ್ಕಳೂ ಇಲ್ಲ, ಅದು ಒಪ್ಪಿಕೊಳ್ತೀನಿ. ಆದರೆ ನಾಳೆ ಏನಾದರೂ ಆದರೆ ನೀವ್ಯಾರೂ ಬಂದು ನನ್ನ ಪರ ನಿಲ್ಲಲ್ಲ.


ಗರಡಿ ಮನೆ ಹುಡುಗ
ಸೋಮವಾರ ರಾತ್ರಿ 8:40

ಸಾರ್, ನಿಮ್ಮ ಮಾತಲ್ಲಿ ನನಗೆ ಎದೆ ಧಸಕ್ ಅಂದಿದ್ದು ಟೈಲ್ಸ್ ಅಂದಾಗ. ನಮ್ಮದು ಮೂರು ತಲೆಮಾರಿನ ಗರಡಿ, ನಜರಬಾದ್ ಕಡೆ. ಗರಡಿಯಲ್ಲಿ ದಿನಾ ಹುಡುಗರನ್ನ ಎತ್ತಿ ಎಸೀತೀವಿ. ಮೂಳೆ ಮುರಿದ ಕಥೆ ಬೆರಳಲ್ಲಿ ಎಣಿಸಬೇಕು. ಯಾಕೆ ಹೇಳಿ? ಮಟ್ಟಿ. ಕೆಂಪು ಮಣ್ಣು ಜರಡಿ ಹಿಡಿದು, ಎಣ್ಣೆ-ಅರಿಶಿನ ಹಾಕಿ ಹದ ಮಾಡಿರ್ತೀವಿ, ಬೆಳಿಗ್ಗೆ ಗುದ್ದಲಿ ತಗೊಂಡು ಅಗೆದು ಸಡಿಲ ಮಾಡೋದೇ ಮೊದಲನೇ ವ್ಯಾಯಾಮ. ಐದು ವರ್ಷದ ಹುಡುಗ ಬಂದರೆ ಪಟ್ಟು ಗಿಟ್ಟು ಏನೂ ಇಲ್ಲ. ಬೀಳೋದು ಹೇಳಿಕೊಡ್ತೀವಿ. ಗದ್ದ ಎದೆಗೆ ಒತ್ತು, ಕೈ ಊರಬೇಡ, ಉಂಡೆ ಆಗಿ ಉರುಳು. ಇಷ್ಟನ್ನೇ ತಿಂಗಳುಗಟ್ಟಲೆ.

ನೀವು ಎತ್ತರ ಕಿತ್ತು ಹಾಕಿ ಕಲ್ಲು ಹಾಸಿದ್ರಿ. ಎತ್ತರ ಇರಲಿ ಬಿಟ್ಟು ಮಣ್ಣು ಹಾಕಬೇಕಿತ್ತು. ಒಂದು ಟ್ರ್ಯಾಕ್ಟರ್ ಮರಳಿನ ಖರ್ಚು ಟೈಲ್ಸಿಗಿಂತ ಜಾಸ್ತಿ ಆಗ್ತಿತ್ತಾ?


ಹೆಬ್ಬಾಳದ ಕೋಡರ್
ಸೋಮವಾರ ರಾತ್ರಿ 9:00

ಗರಡಿಯವರು ಹೇಳಿದ್ದಕ್ಕೆ ಒಂದು ಅಂಕಿ ಸೇರಿಸ್ತೀನಿ, ಅಕ್ಕ ಬೈಯಬಾರದು. ಯುರೋಪಿನ ಆಟದ ಸಲಕರಣೆಯ ಮಾನದಂಡದಲ್ಲಿ 3 ಮೀಟರ್‌ವರೆಗೆ ಬೀಳುವ ಎತ್ತರಕ್ಕೆ ಅವಕಾಶ ಇದೆ. ಹತ್ತಡಿ ಹತ್ತಿರ ಹತ್ತಿರ! ಆದರೆ ಎತ್ತರ ಹೆಚ್ಚಿದ ಹಾಗೆ ಕೆಳಗಿನ ಮರಳು, ಮರದ ಚಕ್ಕೆ, ರಬ್ಬರು ಆ ಪೆಟ್ಟು ತಡೆಯೋ ಹಾಗೆ ಇರಬೇಕು. ಕಾಂಕ್ರೀಟಿನ ಮೇಲೆ ಪ್ಲಾಸ್ಟಿಕ್ ಜಾರುಬಂಡೆ ಅದಕ್ಕಿಂತ ಸೇಫ್ ಅಂತ ಅಂದುಕೊಂಡಿದ್ದೀವಲ್ಲ, ಅದು ಬರೀ ನಮ್ಮ ಕಣ್ಣಿಗೆ.


ಧಾರವಾಡದಾಕಿ
ಸೋಮವಾರ ರಾತ್ರಿ 9:25

ನಾ ಮೈಸೂರಿಗೆ ಬಂದು ಎಂಟು ವರ್ಷ ಆತ್ರೀ. ನಮ್ಮ ಕಡೆ ನಾಗರಪಂಚಮಿಗೆ ಗಿಡಕ್ಕ ದೊಡ್ಡ ಹಗ್ಗ ಕಟ್ಟಿ ಜೋಕಾಲಿ ಆಡ್ತೀವಿ. ಲಗ್ನ ಆದ ಹೆಣ್ಮಕ್ಕಳು ತವರಿಗೆ ಬಂದು ಸೀರಿ ಉಟ್ಕೊಂಡು ನಿಂತು ಜೀಕ್ತಾರ, ಎಲಿ ಹರ್ಕೊಂಡು ಬರೂವಷ್ಟು ಮ್ಯಾಲ. ಇಲ್ಲೆ ನನ್ನ ಮಗಳು ಉಯ್ಯಾಲಿ ಜೋರು ಜೀಕಿದ್ರ “ಹೆಣ್ಣು ಮಗು, ಫ್ರಾಕ್ ಹಾರತ್ತೆ, ನಿಧಾನ” ಅಂತಾರ. ಗಂಡು ಹುಡುಗ ಅದ ಉಯ್ಯಾಲಿಯೊಳಗ ನಿಂತು ಜೀಕಿದ್ರ “ಭಲೇ” ಅಂತಾರ. ಅಲ್ರೀ, ಫ್ರಾಕಿಂದಷ್ಟ ತೊಂದ್ರಿ ಇದ್ರ ಚಡ್ಡಿ ಹಾಕಿದ್ರ ಮುಗೀತಲ್ಲ?


ಸರಸ್ವತಿಪುರಂ ಅಕ್ಕ
ಸೋಮವಾರ ರಾತ್ರಿ 9:40

ಸರಿಯಾಗಿ ಹೇಳಿದ್ರಿ. ನಾನು ಇನ್ನೂ ಒಂದು ಸೇರಿಸ್ತೀನಿ. ಮಗು ಬಿದ್ದರೆ ಬೈಗುಳ ಯಾರಿಗೆ? ತಾಯಿಗೆ. ಅಪ್ಪನ ಜೊತೆ ಇದ್ದಾಗ ಮೊಣಕಾಲು ಕೆತ್ತಿಕೊಂಡು ಬಂದರೆ “ಆಡ್ತಾ ಬಿದ್ದ”, ಅಮ್ಮನ ಜೊತೆ ಇದ್ದಾಗ ಆದರೆ “ಎಲ್ಲಿ ನೋಡ್ತಿದ್ದೆ”. ಎಷ್ಟು ಮನೆಗಳಲ್ಲಿ ಮಗುವನ್ನ ಸೋಫಾ ಮೇಲೆ ಕೂರಿಸಿ ಮೊಬೈಲು ಕೊಡೋದು ಸೋಮಾರಿತನಕ್ಕಲ್ಲ, ಈ ಮಾತಿಗೆ ಹೆದರಿ. ಮೊಬೈಲ್ ಹಿಡಿದ ಮಗು ಬೀಳಲ್ಲ. ಅದರಿಂದ ಆಗೋ ಗಾಯಕ್ಕೆ ಯಾರೂ ಬಂದು ಬ್ಯಾಂಡೇಜ್ ಎಲ್ಲಿ ಅಂತ ಕೇಳಲ್ಲ.


ಎಂಟು ತಿಂಗಳ ಅಮ್ಮ
ಮಂಗಳವಾರ ಬೆಳಿಗ್ಗೆ 11:00

ನಡುವೆ ಬಂದು ಕೇಳ್ತಿದ್ದೀನಿ, ಕ್ಷಮಿಸಿ. ಮಗನಿಗೆ ಎಂಟು ತಿಂಗಳು. ನಮ್ಮ ತವರಿನವರು ಕೂರಿಸಿ ಓಡಾಡಿಸೋ ವಾಕರ್ ತಂದಿದ್ದಾರೆ, ಬೇಗ ನಡೀತಾನೆ ಅಂತ. ಪಕ್ಕದ ಮನೆ ಮಗು ಒಂಬತ್ತಕ್ಕೇ ನಡೀತು. ಇವನು ಅಂಬೆಗಾಲೂ ಸರಿಯಾಗಿ ಇಡ್ತಿಲ್ಲ, ಹೊಟ್ಟೆ ಎಳೀತಾನೆ.


ಕೈಕಾಲು ಫಿಸಿಯೋ
ಮಂಗಳವಾರ ಮಧ್ಯಾಹ್ನ 2:15

ವಾಕರ್ ಅಟ್ಟಕ್ಕೆ ಹಾಕಿ. ಅದರಲ್ಲಿ ಮಗು ನಡೆಯೋದು ಕಲಿಯಲ್ಲ, ತುದಿಬೆರಳಲ್ಲಿ ನೂಕೋದು ಕಲಿಯತ್ತೆ. ಒಂದು ಸೆಕೆಂಡಿಗೆ ಮೂರಡಿಗೂ ಹೆಚ್ಚು ದೂರ ಹೋಗಬಲ್ಲದು. ನೀವು ಒಲೆ ಹತ್ತಿರದಿಂದ ತಿರುಗೋದರೊಳಗೆ ಮೆಟ್ಟಿಲ ಹತ್ತಿರ ಇರ್ತಾನೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿತು. ಚನ್ನಪಟ್ಟಣದ ಮರದ ಮೂರುಗಾಲಿ ಗಾಡಿ ಬೇರೆ. ಅದನ್ನ ಹಿಡಿದು ತಾನೇ ಎದ್ದು ನಿಲ್ಲೋ ತಾಕತ್ತು ಬಂದಮೇಲೇ ಮಗು ತಳ್ಳೋಕೆ ಆಗೋದು.

ನಡಿಗೆ ಬಗ್ಗೆ ಆತುರ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳ ಮಕ್ಕಳನ್ನ ನೋಡಿ 2006ರಲ್ಲಿ ಪ್ರಕಟಿಸಿದ್ದರಲ್ಲಿ, ಹಿಡಿದುಕೊಳ್ಳದೆ ನಡೆಯೋದು 8 ತಿಂಗಳು ದಾಟಿದ ಮೇಲಿಂದ ಹದಿನೇಳೂವರೆ ತಿಂಗಳವರೆಗೂ ಹರಡಿತ್ತು. ಅಂಬೆಗಾಲೇ ಇಡದೆ ನೇರ ಎದ್ದ ಮಕ್ಕಳೂ ಇದ್ದರು. ಹದಿನೆಂಟಾದರೂ ನಡೆಯದಿದ್ದರೆ, ಅಥವಾ ಒಂದು ಪಕ್ಕದ ಕೈಕಾಲು ಮಾತ್ರ ಬಳಸ್ತಿದ್ದರೆ ತೋರಿಸಿ.

ಹಂಗೇರಿಯಲ್ಲಿ ಎಮ್ಮಿ ಪಿಕ್ಲರ್ ಅಂತ ಒಬ್ಬರು ಮಕ್ಕಳ ವೈದ್ಯೆ ಇದ್ದರು. 1946ರಲ್ಲಿ ಬುಡಾಪೆಸ್ಟಿನಲ್ಲಿ ಅನಾಥ ಶಿಶುಗಳ ಮನೆ ಶುರು ಮಾಡಿದವರು. ಅವರ ನಿಯಮ ಒಂದು: ಮಗು ತಾನಾಗಿ ತಲುಪದ ಭಂಗಿಯಲ್ಲಿ ಅದನ್ನ ಇಡಬಾರದು. ಕೂರೋಕೆ ಬರದ ಮಗುವಿಗೆ ಸುತ್ತ ದಿಂಬು ಕೊಟ್ಟು ಕೂರಿಸಬಾರದು, ನಿಲ್ಲದ ಮಗುವನ್ನ ಕೈ ಹಿಡಿದು ನಡೆಸಬಾರದು. ಅಂಗಾತ ಮಲಗಿಸಿ, ಗಟ್ಟಿ ನೆಲ ಕೊಡಿ, ಬಿಡಿ. ಇದನ್ನ ಮೊದಲು ಓದಿದಾಗ ನನಗೆ ನಮ್ಮಜ್ಜಿ ನೆನಪಾದರು. ನಮ್ಮ ಮನೆಯಲ್ಲಿ ಮಗು ಬೋರಲು ಬಿದ್ದರೆ ಒಂದು ತಿಂಡಿ, ಹೊಸಲು ದಾಟಿದರೆ ಹೋಳಿಗೆ. ಹೊಸಲು ಮಗುವೇ ದಾಟಬೇಕು. ಯಾರಾದರೂ ಎತ್ತಿ ಆಚೆ ಬಿಟ್ಟರೆ ಅಜ್ಜಿ ಹೂರಣ ರುಬ್ಬುತ್ತಿರಲಿಲ್ಲ.


ಅಂಗನವಾಡಿ ಟೀಚರ್
ಮಂಗಳವಾರ ರಾತ್ರಿ 8:30

ತಿ. ನರಸೀಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೀನಿ. ಹೆಮ್ಮೆಗೆ ಒಂದು ಮಾತು: 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾದಾಗ ಕರ್ನಾಟಕದಲ್ಲಿ ಆರಿಸಿದ್ದು ನಮ್ಮ ತಾಲ್ಲೂಕು. ಹೆಮ್ಮೆ ಅಲ್ಲಿಗೆ ಮುಗೀತು. ನಮ್ಮ ಕೇಂದ್ರ ಒಂದೇ ಕೋಣೆ, ಮುಂದೆ ಇಪ್ಪತ್ತಡಿ ಅಂಗಳ.

ಆ ಅಂಗಳದಲ್ಲಿ ನಾನು ಇಟ್ಟಿರೋದು ಉಳಿದ ಇಟ್ಟಿಗೆ ಮತ್ತು ಪಂಚರ್ ಅಂಗಡಿಯವರು ಬಿಟ್ಟಿ ಕೊಟ್ಟ ನಾಲ್ಕು ಟೈರು. ಇಟ್ಟಿಗೆ ಸಾಲಾಗಿಟ್ಟರೆ ಅದರ ಮೇಲೆ ನಡೀತಾರೆ. ಮಾರನೇ ದಿನ ಅವರೇ ಒಂದರ ಮೇಲೊಂದು ಇಡ್ತಾರೆ, ಎತ್ತರ ಅವರದೇ ತೀರ್ಮಾನ. ಮಕ್ಕಳು ಟೈರು ಎತ್ತಿ ಉರುಳಿಸೋ ಮುಂಚೆ ಒಳಗೆ ಚೇಳು ಇದೆಯಾ ಅಂತ ನಾನು ನೋಡಲೇಬೇಕು, ಅದು ನನ್ನ ಕೆಲಸ. ಟೈರಲ್ಲಿ ಮಳೆ ನೀರು ನಿಂತರೆ ಸೊಳ್ಳೆ, ಅದಕ್ಕೆ ತೂತು ಹಾಕಿಸಿದ್ದೀನಿ.

“ಹುಷಾರು ಹುಷಾರು” ಅನ್ನೋದನ್ನ ಬಿಡೋಕೆ ನನಗೆ ಎಷ್ಟೋ ವರ್ಷ ಹಿಡೀತು. ಆ ಮಾತು ಕೇಳಿದ ಮಗು ಕಾಲು ನೋಡಲ್ಲ, ನನ್ನ ಮುಖ ನೋಡತ್ತೆ. ಆಗಲೇ ಬೀಳೋದು. ಈಗ “ಆ ಇಟ್ಟಿಗೆ ಅಲ್ಲಾಡ್ತಿದೆ” ಅಂತೀನಿ, “ಇನ್ನೊಂದು ಕೈ ಎಲ್ಲಿ ಹಿಡೀತೀಯ” ಅಂತೀನಿ. ಏನೂ ಹೇಳೋದಿಲ್ಲದಿದ್ದರೆ ಸುಮ್ನಿರ್ತೀನಿ, ಅದೇ ಕಷ್ಟ.

ಪೋಷಕರು ಬಂದು ಎ ಬಿ ಸಿ ಡಿ ಬರೆಸಿ ಅಂತಾರೆ. ಹುಣಸೆ ಕೊಂಬೆಗೆ ಜೋತುಬೀಳದ ಕೈಗೆ ಪೆನ್ಸಿಲ್ ಹಿಡಿಯೋ ಬಲ ಎಲ್ಲಿಂದ ಬರಬೇಕು ಅಂತ ಹೇಳಿದರೆ ನಗ್ತಾರೆ.


ನಾಲೆ ಪಕ್ಕದ ಮನೆ
ಬುಧವಾರ ರಾತ್ರಿ 10:10

ಫಿಸಿಯೋ ಮೇಡಂ, ಗೇಟಿನ ಒಳಗೆ ಏನಿದೆ ಅಂತ ಕೇಳಿದ್ರಿ. ಎರಡು ದಿನ ಕೋಪ ಬಂದಿತ್ತು. ಇವತ್ತು ಹೋಗಿ ನೋಡಿದೆ. ಸ್ಕೂಟರ್ ಇದೆ, ಸಿಲಿಂಡರ್ ಇದೆ, ತುಳಸಿಕಟ್ಟೆ ಇದೆ. ಅವನು ತುಳಸಿಕಟ್ಟೆ ಹತ್ತಿ ಇಳೀತಿದ್ದ, ಎಷ್ಟು ಸಲ ಅಂತ ಎಣಿಸಿದೆ, ಮೂವತ್ತೊಂದು. ನಾನು ಒಳಗೆ ಕಿಟಕಿ ಹಿಂದೆ ನಿಂತಿದ್ದೆ. ಗೊತ್ತಾದರೆ ಇಳಿದುಬಿಡ್ತಾನೆ, ಬೈತೀನಿ ಅಂತ.

ಪಕ್ಕದ ಖಾಲಿ ಸೈಟಲ್ಲಿ ಮಣ್ಣು ಹಾಕಿಸಿ ಬೇಲಿ ಹಾಕಿಸೋಣ ಅಂತ ಇವರು ಹೇಳ್ತಿದ್ದಾರೆ. ಇನ್ನೊಂದು, ಈಜು ಕಲಿಸಬೇಕಾ? ನೀರು ಅಂದರೆ ನನಗೇ ಆಗಲ್ಲ.


ಮದ್ದೂರು ತಾತ
ಬುಧವಾರ ರಾತ್ರಿ 10:45

ಕಲ್ಸವ್ವ. ನಾಲ್ಕ್ ವರ್ಸಕ್ಕೆ ವಸಿ ಬ್ಯಾಗ ಆಯ್ತದೇನೊ, ಹೇಳ್ಕೊಡೋರ್ನ ಕೇಳು, ಆದ್ರೆ ಕಲ್ಸು. ನಮಗೆ ಬೆನ್ಗೆ ಸೋರೆಬುರ್ಡೆ ಕಟ್ಟಿ ಬಾವಿಗ್ ಬುಡ್ತಿದ್ರು, ಮ್ಯಾಲೆ ಹಗ್ಗ ಮಾವನ್ ಕೈಲಿ. ಈಗ ಅದೆಲ್ಲಾ ಬ್ಯಾಡ, ಕಾಸ್ ಕೊಟ್ರೆ ಕೊಳದಲ್ಲಿ ಹೇಳ್ಕೊಡ್ತರೆ. ಈಜು ಬಂದ್ರೂ ನಾಲೆಗ್ ಮಾತ್ರ ಸಲಿಗೆ ಕೊಡ್ಬ್ಯಾಡ. ಈಜು ಬಲ್ಲೋರೂ ಅಲ್ಲಿ ಹೋಗವ್ರೆ.


ಬೋಗಾದಿ ಅಮ್ಮ
ಶುಕ್ರವಾರ ರಾತ್ರಿ 9:30

ಎಲ್ಲರಿಗೂ ಉತ್ತರ ಕೊಡೋಕೆ ಆಗಲಿಲ್ಲ. ಕೈ ಸರಿಯಾಗಿದೆ. ಆದರೆ ಐದು ದಿನದಿಂದ ಮಗಳು ಜಾರುಬಂಡೆ ಹತ್ತಿರ ಹೋಗ್ತಿಲ್ಲ. ದೂರದಿಂದ ನೋಡ್ತಾಳೆ, ನನ್ನ ಚೂಡಿದಾರ್ ಹಿಡ್ಕೊಳ್ತಾಳೆ. ಹೊಟ್ಟೆ ಉರಿಯೋದು ಅದಕ್ಕೇ. ಬಿದ್ದು ಹೆದರಿದ್ದರೆ ಏಳೋದು ಅವಳಿಗೆ ಗೊತ್ತಿತ್ತು, ಮೂರು ವಾರ ಅದನ್ನೇ ಮಾಡಿದ್ದಳು. ಹಿಂದಿನಿಂದ ಯಾರೋ ಬಂದು ಎಳೀತಾರೆ ಅನ್ನೋದಕ್ಕೆ ಏನು ಮಾಡಬೇಕು ಅಂತ ಅವಳಿಗೆ ಗೊತ್ತಿಲ್ಲ.

ನಿನ್ನೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಸಿಕೊಂಡು ಹೋದೆ. ಮರದ ಬೇರು ಸಿಕ್ಕಿದ ಕಡೆಯೆಲ್ಲಾ ನಿಂತಳು, ಹತ್ತಿದಳು, ಹಾರಿದಳು. ಅರ್ಧ ಕಿಲೋಮೀಟರಿಗೆ ಒಂದು ಗಂಟೆ. ನೀರಿನ ಕಡೆ ನಾನು, ಮರದ ಕಡೆ ಅವಳು. ಇವರು ಆಫೀಸಿಂದ ಬೇಗ ಬಂದು ಜೊತೆಗೆ ಬಂದಿದ್ದರು, ನಾಲ್ಕು ಸಲ “ಬೀಳ್ತೀಯ” ಅಂದರು. ಐದನೇ ಸಲ ಬಾಯಿ ತೆರೆದು ನನ್ನ ಮುಖ ನೋಡಿ ಮುಚ್ಕೊಂಡರು.

ಆ ಅಜ್ಜಿ ಸಿಕ್ಕಿದ್ದರು. ಮಗುವಿನ ಕೈ ಹೇಗಿದೆ ಅಂತ ಕೇಳಿ ಅತ್ತುಬಿಟ್ಟರು. ನಾನು ಹೇಳಬೇಕು ಅಂತ ಜೋಡಿಸಿಟ್ಟುಕೊಂಡಿದ್ದ ಮಾತು ಒಂದೂ ಬರಲಿಲ್ಲ. ಕಂಕುಳಿಗೆ ಕೈ ಹಾಕಿ ಎತ್ತಬೇಕಂತೆ ಅಂತ ಅಷ್ಟೇ ಹೇಳಿದೆ.


ಲೇಔಟ್ ಕಾರ್ಯದರ್ಶಿ
ಶುಕ್ರವಾರ ರಾತ್ರಿ 10:00

ಗರಡಿಯವರೇ, ಟೈಲ್ಸ್ ಎಬ್ಬಿಸಿ ಮರಳು ಹಾಕಿಸೋಕೆ ಎಷ್ಟಾಗತ್ತೆ ಅಂತ ವಿಚಾರಿಸಿದೆ. ಬೆಕ್ಕು, ನಾಯಿ ಗಲೀಜು ಮಾಡ್ತವೆ ಅಂತ ಈಗಲೇ ಇಬ್ಬರು ವಿರೋಧ. ರಾತ್ರಿ ಮುಚ್ಚೋಕೆ ಟಾರ್ಪಾಲ್ ಸಾಕಾಗತ್ತಾ? ಸಭೆ ಮುಂದಿನ ತಿಂಗಳು. ಯಾರಾದರೂ ತಾಯಂದಿರು ಬಂದು ಮಾತಾಡಿದರೆ ಒಳ್ಳೇದು, ನಾನೊಬ್ಬನೇ ಹೇಳಿದರೆ ನಡೆಯಲ್ಲ.


ಕೈಕಾಲು ಫಿಸಿಯೋ
ಶುಕ್ರವಾರ ರಾತ್ರಿ 10:20

ನಾನು ಬರ್ತೀನಿ. ಟಾರ್ಪಾಲ್ ಸಾಕು, ತಿಂಗಳಿಗೊಂದು ಸಲ ಮರಳು ಸಲಿಕೆಯಲ್ಲಿ ಮಗುಚಿ, ಗಟ್ಟಿಯಾದರೆ ಪ್ರಯೋಜನ ಇಲ್ಲ.

ಎಲ್ಲರಿಗೂ ಒಂದು ಮಾತು, ಫೋನಲ್ಲಿ ಉಳಿಸಿಟ್ಟುಕೊಳ್ಳಿ. ತಲೆಗೆ ಪೆಟ್ಟು ಬಿದ್ದ ಮಗು ಪ್ರಜ್ಞೆ ತಪ್ಪಿದರೆ, ಪದೇ ಪದೇ ವಾಂತಿ ಮಾಡಿದರೆ, ಎಬ್ಬಿಸಿದರೂ ಏಳದ ಮಂಪರು ಬಂದರೆ, ಫಿಟ್ಸ್ ಬಂದರೆ, ಕಿವಿ-ಮೂಗಿಂದ ರಕ್ತ ಅಥವಾ ನೀರು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ತರಚು ಗಾಯಕ್ಕೆ ನಲ್ಲಿ ನೀರು, ಸೋಪು ಸಾಕು. ಲಸಿಕೆ ಕಾರ್ಡಲ್ಲಿ ಧನುರ್ವಾಯು ಸೂಜಿ ಬಾಕಿ ಇದೆಯಾ ನೋಡಿ.


ಮದ್ದೂರು ತಾತ
ಶುಕ್ರವಾರ ರಾತ್ರಿ 10:50

ಈ ಸಲ ಒಳ್ಳೆ ಬೆಳೆ, ಹಿತ್ಲಲ್ಲಿ ಮೆದೆ ಒಟ್ಟಿವ್ನಿ, ಎರಡಾಳುದ್ದ. ಭಾನ್ವಾರ ಹೈಕ್ಳ ಕರ್ಕಂಡ್ ಬನ್ನಿ, ಜಾರ್ಲಿ. ಪಕ್ದಲ್ಲಿ ಬಾವಿ ಇಲ್ಲ, ನಾಲೆ ದೂರ. ಕುಡ್ಲು, ಗುದ್ಲಿ ಎಲ್ಲಾ ಅಟ್ಟುಕ್ಕೆ ಹಾಕಿರ್ತೀನಿ, ನಾಯಿ ಕಟ್ಟಾಕಿರ್ತೀನಿ. ನಾಲೆ ಪಕ್ಕದ್ ಅವ್ವ, ನಿನ್ ಮಗುನ್ ಕೈ ನೀನೇ ಹಿಡ್ಕಂಡಿರು, ಯಾರೂ ಏನೂ ಅನ್ನಲ್ಲ. ಹುಲ್ಲು ಮೈ ಕಡೀತದೆ, ಹಳೇ ಬಟ್ಟೆ ಹಾಕ್ಕಂಡ್ ಬನ್ನಿ. ಬಸ್ಸಾರು ಮುದ್ದೆ ಮಾಡ್ಸಿರ್ತೀನಿ, ಎಷ್ಟ್ ಜನ ಅಂತ ಶನಿವಾರ ಸಂಜೆ ಒಳಗೆ ಹೇಳ್ಬುಡಿ.